ಏರ್ ರೈಫಲ್ ಗುರಿ ತಪ್ತಿದೆಯಾ? ರೆಗ್ಯುಲೇಟರ್ ಬಿಚ್ಚೋ ಮೊದಲು ಸಿಲಿಂಡರ್ ಒಳಗಿನ ನೀರು ನೋಡಿ

ನಾಟಿ ಮುಗೀತು, ಗದ್ದೆ ಕೆಲಸ ಸ್ವಲ್ಪ ಹಗುರ ಆಯ್ತು. ಕೊಡಗಿನಲ್ಲಿ ಇನ್ನೇನು ಕೈಲ್ ಪೊಳ್ದ್, ಅದರ ಹಿಂದೆಮುಂದೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಕೋವಿ ಜೊತೆಗೆ ಕೆಲವು ಕಡೆ ಏರ್‌ಗನ್ ವಿಭಾಗವೂ ಇರ್ತದೆ. 10 ಮೀಟರ್ ಶೂಟಿಂಗ್ ಕಲೀತಿರೋ ಹುಡುಗ ಹುಡುಗಿಯರೂ ಈಗ ಹಳ್ಳಿಗಳಲ್ಲಿ ಇದ್ದಾರೆ. ಮಳೆಗಾಲ ಪೂರ್ತಿ ಮೂಲೆಯಲ್ಲಿದ್ದ ಪಿಸಿಪಿ ರೈಫಲ್, ಅಂದರೆ ಮೊದಲೇ ಗಾಳಿ ತುಂಬಿ ಇಟ್ಟುಕೊಳ್ಳೋ ರೈಫಲ್, ಈ ಹೊತ್ತಿಗೆ ಹೊರಗೆ ಬರ್ತದೆ. ಮೊದಲ ಪೆಲೆಟ್ ಒಂದು ಕಡೆ, ಆಮೇಲಿನದ್ದು ಇನ್ನೊಂದು ಕಡೆ. ‘ರೆಗ್ಯುಲೇಟರ್ ಹೋಯ್ತು ಅಣ್ಣ, ಹೊಸದು ಹಾಕ್ಬೇಕು’ ಅಂತ ಯಾರಾದ್ರೂ ಹೇಳೇ ಹೇಳ್ತಾರೆ.

ಹೋಗಿರಲೂಬಹುದು. ಆದ್ರೆ ಮಳೆ ಜಾಸ್ತಿ ಇರೋ ಜಾಗಗಳಲ್ಲಿ ರೆಗ್ಯುಲೇಟರ್ ತಾನಾಗಿ ಹೋಗೋದಕ್ಕಿಂತ ನಾವೇ ಅದಕ್ಕೆ ನೀರು ಕುಡಿಸಿ ಕೆಡಿಸೋದು ಹೆಚ್ಚು. ಆ ನೀರು ಎಲ್ಲಿಂದ ಬರ್ತದೆ ಅಂತ ಗೊತ್ತಾಗದೆ ಹೊಸ ರೆಗ್ಯುಲೇಟರ್ ಹಾಕಿದ್ರೆ ಮುಂದಿನ ಮಳೆಗಾಲಕ್ಕೆ ಅದೂ ಅದೇ ದಾರಿ ಹಿಡೀತದೆ.

ಒಳಗೆ ಏನಿದೆ

ಹನಿ ನೀರಾವರಿ ಮಾಡಿದವರಿಗೆ ಇದು ಹೊಸದಲ್ಲ. ಮೇಲಿನ ಟ್ಯಾಂಕಿನ ಒತ್ತಡ ಎಷ್ಟೇ ಇರಲಿ, ಲೈನಿಗೆ ಒಂದೇ ಒತ್ತಡ ಕೊಡೋ ರೆಗ್ಯುಲೇಟರ್ ಇರ್ತದಲ್ಲ, ಇಲ್ಲೂ ಅದೇ ಕೆಲಸ. ಸಿಲಿಂಡರಿನಲ್ಲಿ 200 ಬಾರ್ ಗಾಳಿ ಇರ್ತದೆ, ಕೆಲವು ರೈಫಲ್‌ಗಳಲ್ಲಿ 300. ರೆಗ್ಯುಲೇಟರ್ ಅದನ್ನು ಇಳಿಸಿ ಮುಂದಿನ ಚಿಕ್ಕ ಕೋಣೆಗೆ ಬಿಡ್ತದೆ. ಆ ಕೋಣೆಗೆ ಪ್ಲೀನಂ ಅಂತಾರೆ. ಟ್ರಿಗರ್ ಒತ್ತಿದಾಗ ಹ್ಯಾಮರ್ ಹೋಗಿ ವಾಲ್ವ್‌ಗೆ ಬಡೀತದೆ, ಪ್ಲೀನಂ ಗಾಳಿ ಪೆಲೆಟ್ಟನ್ನು ತಳ್ತದೆ. ಪ್ರತಿ ಸಲ ಪ್ಲೀನಂನಲ್ಲಿ ಒಂದೇ ಒತ್ತಡ ಇದ್ರೆ ಪ್ರತಿ ಸಲ ಒಂದೇ ವೇಗ.

ರೆಗ್ಯುಲೇಟರ್ ಒಳಗಿರೋದು ಒಂದು ಚಿಕ್ಕ ಪಿಸ್ಟನ್, ಬಟ್ಟಲಿನಂತೆ ಬಾಗಿದ ಸ್ಪ್ರಿಂಗ್ ವಾಷರ್‌ಗಳ ಒಂದು ಜೋಡಣೆ, ಎರಡು ಮೂರು ಓ-ರಿಂಗ್, ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಸೀಟ್. ಅಷ್ಟೇ. ಪ್ಲೀನಂ ತುಂಬಿದಾಗ ಪಿಸ್ಟನ್ ಹೋಗಿ ಸೀಟಿನ ಮೇಲೆ ಕೂತು ದಾರಿ ಮುಚ್ಚಬೇಕು. ಆ ಸೀಟಿನ ಮೇಲೆ ಕೂದಲೆಳೆಯಷ್ಟು ಕಸ ಇದ್ರೂ ಸಾಕು, ದಾರಿ ಪೂರ್ತಿ ಮುಚ್ಚಲ್ಲ.

ನೀರಿನ ಲೆಕ್ಕ

ಪಂಕ್ಚರ್ ಅಂಗಡಿ ಕಂಪ್ರೆಸರ್ ಕೆಳಗೆ ಒಂದು ಸಣ್ಣ ನಲ್ಲಿ ಇರ್ತದೆ, ಗಮನಿಸಿದ್ದೀರಾ? ಅದನ್ನ ತೆರೆದ್ರೆ ಕಂದು ನೀರು ಹಾರ್ತದೆ. ಆ ಟ್ಯಾಂಕಿಗೆ ಯಾರೂ ನೀರು ಹಾಕಿಲ್ಲ. ಗಾಳಿಯಲ್ಲಿದ್ದ ತೇವವೇ ಒತ್ತಡಕ್ಕೆ ಸಿಕ್ಕಿ ನೀರಾದದ್ದು. ಅಲ್ಲಿ ಒತ್ತಡ 8–10 ಬಾರ್ ಮಾತ್ರ. ನಿಮ್ಮ ರೈಫಲ್‌ನಲ್ಲಿ ಅದರ ಇಪ್ಪತ್ತು ಪಟ್ಟು.

25 ಡಿಗ್ರಿ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದ್ರೆ ಸುಮಾರು 23 ಗ್ರಾಂ ನೀರಾವಿ ಹಿಡ್ಕೊಳ್ತದೆ. ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ. 90 ಇದ್ರೆ ಹತ್ತಿರ ಹತ್ತಿರ 21 ಗ್ರಾಂ. ಈಗ 200 ಮಿ.ಲೀ. ಸಿಲಿಂಡರನ್ನು 100 ಬಾರ್‌ನಿಂದ 200ಕ್ಕೆ ಏರಿಸಬೇಕು ಅಂದ್ರೆ ಹೊರಗಿನ ಗಾಳಿ 20 ಲೀಟರ್ ಬೇಕು. ಅದರೊಳಗಿನ ನೀರು ಸುಮಾರು 0.4 ಗ್ರಾಂ. ಒತ್ತಡ ಎಷ್ಟೇ ಇರಲಿ, 200 ಮಿ.ಲೀ. ಜಾಗದಲ್ಲಿ ಆವಿಯಾಗಿ ಉಳಿಯೋದಕ್ಕೆ ಸಾಧ್ಯ ಇರೋದು 0.005 ಗ್ರಾಂನಷ್ಟೇ. ಉಳಿದದ್ದೆಲ್ಲ ದ್ರವ. ಹತ್ತು ಸಲ ತುಂಬಿಸಿದ್ರೆ 4 ಗ್ರಾಂ, ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಇದರಲ್ಲಿ ಒಂದಷ್ಟು ಪಂಪಿನಲ್ಲೇ ತಣಿದು ಹೊರಗೆ ಹೋಗ್ತದೆ, ಸರಿ. ಆದ್ರೆ ಫಿಲ್ಟರ್ ಇಲ್ಲದ ಕೈಪಂಪಿನಲ್ಲಿ ಎಷ್ಟು ಹೋಯ್ತು, ಎಷ್ಟು ಒಳಗೆ ಬಂತು ಅಂತ ನಿಮಗೆ ಕಾಣಲ್ಲ.

‘ನಮ್ದು ವಿಜಯಪುರ, ಇಲ್ಲಿ ಗಾಳಿ ಒಣ’ ಅನ್ನೋರಿಗೂ ಪೂರ್ತಿ ಬಿಡುಗಡೆ ಇಲ್ಲ. 40 ಡಿಗ್ರಿ ಬಿಸಿಲಲ್ಲಿ ಶೇ. 20 ತೇವಾಂಶ ಅಂದ್ರೂ ಘನ ಮೀಟರಿಗೆ 10 ಗ್ರಾಂ ನೀರಿರ್ತದೆ. ಮಲೆನಾಡಿನ ಮಳೆಗಾಲದ ಅರ್ಧ.

ಹೀಗೆ ಸೇರಿದ ನೀರು ಸುಮ್ಮನೆ ಕೂರಲ್ಲ. ಉಕ್ಕಿನ ಸ್ಪ್ರಿಂಗ್ ವಾಷರ್ ತುಕ್ಕು ಹಿಡೀತದೆ. ಅಲ್ಯೂಮಿನಿಯಂ ಭಾಗದ ಮೇಲೆ ಬಿಳಿ ಹುಡಿ ಬರ್ತದೆ. ಆ ಹುಡಿ, ಆ ತುಕ್ಕು ಗಾಳಿ ಜೊತೆ ಓಡಿ ಹೋಗಿ ಸೀಟಿನ ಮೇಲೆ ಕೂರ್ತದೆ. ರೆಗ್ಯುಲೇಟರ್ ‘ಹೋಗೋದು’ ಹೀಗೆ. ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ಸಿಲಿಂಡರ್ ಉಕ್ಕಿನದ್ದಾದ್ರೆ ಅದರ ಗೋಡೆಯೇ ಒಳಗಿನಿಂದ ತಿಂದು ಹೋಗ್ತದೆ. ಹೊರಗಿನ ಬಣ್ಣ ಫಳಫಳ ಇದ್ರೂ ಒಳಗಿನದ್ದು ಗೊತ್ತಾಗಲ್ಲ.

ಯಾವ ಲಕ್ಷಣ, ಯಾವ ರೋಗ

ಮೊದಲು ರೆಗ್ಯುಲೇಟರ್ ಮೇಲೆ ಅನುಮಾನ ಬಿಡಿ. ಸ್ಕೋಪ್ ಮೌಂಟಿನ ಸ್ಕ್ರೂ, ಬ್ಯಾರಲ್ ಹಿಡಿದಿರೋ ಬ್ಯಾಂಡ್, ಸ್ಟಾಕ್ ಬೋಲ್ಟ್ ಮುಟ್ಟಿ ನೋಡಿ. ಬ್ಯಾರಲ್ ಒಳಗೆ ಸೀಸ ಹಿಡಿದಿದ್ರೆ ಒರೆಸಿ. ಪೆಲೆಟ್ ಡಬ್ಬಿ ಬದಲಾಗಿದ್ರೆ ಹಳೇದನ್ನೇ ಹಾಕಿ ಹೊಡೀರಿ. ಅರ್ಧಕ್ಕರ್ಧ ದೂರುಗಳು ಇಲ್ಲೇ ಮುಗಿದುಹೋಗ್ತವೆ ಅನ್ನೋದು ನನ್ನ ಅನುಭವ.

ಆಮೇಲೆ ಒಂದು ಕ್ರೋನೋಗ್ರಾಫ್ ಬೇಕು, ಅಂದ್ರೆ ವೇಗ ಅಳೆಯೋ ಸಾಧನ. ಬ್ಯಾರಲ್ ತುದಿಗೆ ಸಿಕ್ಕಿಸೋ ಚಿಕ್ಕದಿದ್ರೂ ಸಾಕು. ನಾಲ್ಕು ಗೆಳೆಯರು ಸೇರಿ ಒಂದು ತಗೊಳ್ಳಿ. ಅದಿಲ್ಲದೆ ರೆಗ್ಯುಲೇಟರ್ ರೋಗ ಹುಡುಕೋದು ಥರ್ಮಾಮೀಟರ್ ಇಲ್ಲದೆ ಜ್ವರ ನೋಡಿದ ಹಾಗೆ. ಹತ್ತು ಪೆಲೆಟ್ ಹೊಡೆದು ವೇಗ ಫೋನಿನಲ್ಲಿ ಬರೆದಿಡಿ. ರೈಫಲ್ಲನ್ನು ಅರ್ಧ ಗಂಟೆ ಸುಮ್ಮನೆ ಬಿಡಿ. ಆಮೇಲೆ ಇನ್ನು ಮೂರು ಹೊಡೀರಿ.

ಅರ್ಧ ಗಂಟೆ ನಂತರದ ಮೊದಲ ಪೆಲೆಟ್ ಮಾತ್ರ ಬೇರೆ ವೇಗ ತೋರಿಸಿ, ಎರಡನೇದರಿಂದ ಮೊದಲಿನಂತೆ ಆದ್ರೆ ಅದು ಕ್ರೀಪ್. ಸೀಟ್ ಸರಿಯಾಗಿ ಮುಚ್ಚದೆ ಸಿಲಿಂಡರ್ ಗಾಳಿ ಪ್ಲೀನಂಗೆ ಮೆಲ್ಲಗೆ ಸೋರ್ತಾ ಇದೆ, ಒತ್ತಡ ಏರ್ತಾ ಇದೆ ಅಂತ ಅರ್ಥ. ಇಲ್ಲೊಂದು ಗೊಂದಲ ಇದೆ. ಒತ್ತಡ ಏರಿದ್ರೆ ವೇಗವೂ ಏರ್ಬೇಕು ಅಲ್ವಾ? ಯಾವಾಗಲೂ ಅಲ್ಲ. ಒತ್ತಡ ಜಾಸ್ತಿ ಆದಷ್ಟೂ ವಾಲ್ವ್ ತೆರೆಯೋದು ಹ್ಯಾಮರ್‌ಗೆ ಕಷ್ಟ. ಹಾಗಾಗಿ ಕೆಲವು ರೈಫಲ್‌ನಲ್ಲಿ ಮೊದಲ ಪೆಲೆಟ್ ಜೋರಾಗಿ ಹೋಗ್ತದೆ, ಕೆಲವದರಲ್ಲಿ ನಿಧಾನ ಆಗ್ತದೆ. ಒತ್ತಡ ತೀರಾ ಏರಿದ್ರೆ ‘ಟಿಕ್’ ಅಂತ ಶಬ್ದ ಬಂದು ಪೆಲೆಟ್ ಬ್ಯಾರಲ್‌ನಲ್ಲೇ ಉಳಿದುಬಿಡಬಹುದು. ಮೇಲೋ ಕೆಳಗೋ ಮುಖ್ಯ ಅಲ್ಲ, ‘ನಿಂತ ಮೇಲೆ ಮೊದಲನೇದು ಮಾತ್ರ ಬೇರೆ’ ಅನ್ನೋದೇ ಗುರುತು. ವೇಗ ಸೆಕೆಂಡಿಗೆ 250 ಮೀಟರ್ ಇದ್ದದ್ದು 235 ಆದ್ರೆ 30 ಮೀಟರ್ ದೂರದಲ್ಲಿ ಪೆಲೆಟ್ ಸುಮಾರು 1 ಸೆಂಟಿಮೀಟರ್ ಕೆಳಗೆ ಬೀಳ್ತದೆ. ಸ್ಪರ್ಧೆಯಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ಏನು ಅಂತ ಹೊಡೆದವರಿಗೆ ಗೊತ್ತು.

ರೆಗ್ಯುಲೇಟರಿಗೇ ಬೇರೆ ಗೇಜ್ ಇರೋ ರೈಫಲ್ ನಿಮ್ಮದಾದ್ರೆ ಕೆಲಸ ಸುಲಭ. ಹೊಡೆದ ಕೂಡಲೇ ಗೇಜಿನ ಫೋಟೋ, ಒಂದು ಗಂಟೆ ಬಿಟ್ಟು ಅದೇ ಕೋನದಿಂದ ಇನ್ನೊಂದು ಫೋಟೋ. ಎರಡು ಮೂರು ಬಾರ್ ಏರಿ ಅಲ್ಲೇ ನಿಂತರೆ ತಲೆ ಕೆಡಿಸ್ಕೋಬೇಡಿ, ಒಳ್ಳೆ ರೆಗ್ಯುಲೇಟರೂ ಅಷ್ಟು ಮಾಡ್ತದೆ. ನಿಲ್ಲದೆ ಏರ್ತಾನೇ ಹೋದ್ರೆ ಸೀಟ್ ನೋಡಿಸ್ಬೇಕು.

ಬೇಗ ಬೇಗ ಹೊಡೆದಾಗ ವೇಗ ಇಳೀತದೆ, ಒಂದು ನಿಮಿಷ ಬಿಟ್ಟು ಹೊಡೆದ್ರೆ ಸರಿಯಾಗ್ತದೆ ಅಂದ್ರೆ ಕಥೆ ಉಲ್ಟಾ. ಪ್ಲೀನಂ ಸಮಯಕ್ಕೆ ತುಂಬ್ತಾ ಇಲ್ಲ. ತುಕ್ಕು ಅಥವಾ ಹುಡಿ ದಾರಿಯಲ್ಲಿ ಕಟ್ಟಿಕೊಂಡಿದೆ, ಇಲ್ಲಾಂದ್ರೆ ಪಿಸ್ಟನ್ ಒಣಗಿ ಹಿಡ್ಕೊಳ್ತಿದೆ. ವೇಗ ಹೇಗೆಂದ್ರೆ ಹಾಗೆ ಮೇಲೆ ಕೆಳಗೆ ಆಗ್ತಿದ್ರೆ ವಾಷರ್‌ಗಳು ತುಕ್ಕು ಹಿಡಿದು ಒಂದಕ್ಕೊಂದು ಉಜ್ಜುತ್ತಿರೋ ಸಾಧ್ಯತೆ.

ರೈಫಲ್ ಮೈಮೇಲೆ ಒಂದು ಸೂಜಿಮೊನೆ ಗಾತ್ರದ ತೂತಿಂದ ‘ಸ್‌ಸ್’ ಅಂತ ಗಾಳಿ ಬರ್ತಿದೆಯಾ? ಅದು ರೆಗ್ಯುಲೇಟರ್ ಉಸಿರಾಡೋ ತೂತು. ವಾಷರ್‌ಗಳಿರೋ ಕೋಣೆಯಲ್ಲಿ ಹೊರಗಿನ ಗಾಳಿಯ ಒತ್ತಡವೇ ಇರಬೇಕು, ಅದಕ್ಕೇ ಆ ತೂತು ಇಟ್ಟಿರೋದು. ಅಲ್ಲಿಂದ ಸೋರಿದ್ರೆ ಪಿಸ್ಟನ್ನಿನ ಅಥವಾ ರೆಗ್ಯುಲೇಟರ್ ಮೈಯ ಓ-ರಿಂಗ್ ಹೋಗಿದೆ. ಎಂ-ಸೀಲ್ ಹಾಕಿ ಆ ತೂತು ಮುಚ್ಚಿದವರನ್ನ ನೋಡಿದ್ದೇನೆ. ಸೋರಿಕೆ ನಿಲ್ತದೆ, ಆದ್ರೆ ಒಳಗೆ ಒತ್ತಡ ಕಟ್ಟಿ ರೆಗ್ಯುಲೇಟರ್ ಕೆಲಸಾನೇ ಮಾಡಲ್ಲ, ಬಿಚ್ಚುವಾಗ ಅಪಾಯ ಬೇರೆ. ಆ ತೂತಿಗೆ ಎಣ್ಣೆಯನ್ನೂ ಬಿಡಬೇಡಿ.

ಬ್ಯಾರಲ್ ಬಾಯಲ್ಲಿ ಗಾಳಿ ಸೋರಿದ್ರೆ ಅದು ರೆಗ್ಯುಲೇಟರ್ ತಪ್ಪಲ್ಲ, ಮುಖ್ಯ ವಾಲ್ವಿನದ್ದು. ಪರೀಕ್ಷೆಗೆ ಕಿವಿ, ಕೆನ್ನೆ, ಬೆರಳು ಯಾವುದೂ ಬೇಡ. ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿ, ಬ್ಯಾರಲ್ ಬಾಯಿಗೆ ಒಂದು ಬಲೂನ್ ಸಿಕ್ಕಿಸಿಟ್ಟು ದೂರ ಬನ್ನಿ. ಉಬ್ಬಿದ್ರೆ ಸೋರಿಕೆ.

ರೋಗವೇ ಅಲ್ಲದ ಎರಡು ವಿಷಯ. ಸಂಜೆ 30 ಡಿಗ್ರಿ ಇದ್ದಾಗ 200 ಬಾರ್ ಇತ್ತು, ಬೆಳಿಗ್ಗೆ 18 ಡಿಗ್ರಿ ಚಳಿಯಲ್ಲಿ 192 ತೋರಿಸ್ತಿದೆ ಅಂದ್ರೆ ಎಲ್ಲೂ ಸೋರಿಲ್ಲ. ಗಾಳಿ ತಣಿದು ಒತ್ತಡ ಇಳಿದಿದೆ, ಅಷ್ಟೇ. ತುಂಬಿದ ಕೂಡಲೇ ಬಿಸಿಯಿದ್ದ ಗಾಳಿ ಅರ್ಧ ಗಂಟೆಯಲ್ಲಿ ಇಳಿಯೋದೂ ಹೀಗೇ. ಇನ್ನೊಂದು, ರೆಗ್ಯುಲೇಟರ್ 120 ಬಾರ್‌ಗೆ ಇಟ್ಟಿದ್ದು, ಸಿಲಿಂಡರಿನಲ್ಲಿ 110 ಉಳಿದಿದ್ರೆ ವೇಗ ಪ್ರತಿ ಪೆಲೆಟ್‌ಗೂ ಇಳೀತಾನೇ ಹೋಗ್ತದೆ. ಟ್ಯಾಂಕ್ ಖಾಲಿಯಾದ್ರೆ ಡ್ರಿಪ್ ರೆಗ್ಯುಲೇಟರ್ ಏನು ಮಾಡ್ತದೆ? ಗಾಳಿ ತುಂಬಿ.

ನೀರು ಸೇರಿದೆ ಅನ್ನೋ ಗುರುತು ತುಂಬೋ ಬಾಯಲ್ಲೇ ಸಿಗ್ತದೆ. ಅಲ್ಲಿ ಬಿಳಿ ಹುಡಿ ಅಥವಾ ಕಂದು ಕಲೆ ಇದ್ರೆ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಅಂಟಿಕೊಂಡ್ರೆ, ಒಳಗಿನ ಸ್ಥಿತಿ ಇನ್ನೂ ಕೆಟ್ಟದಿರ್ತದೆ. ಗೇಜಿನ ಮುಳ್ಳು ಏರುವಾಗ ಸಿಕ್ಕಿ ಸಿಕ್ಕಿ ಏರಿದ್ರೆ ಅದರ ಸಣ್ಣ ದಾರಿಯಲ್ಲಿ ಕಸ ಇರಬಹುದು. ಜಿಟಿಜಿಟಿ ಮಳೆ ದಿನ ಹೊಡೆದಾಗ ಬ್ಯಾರಲ್ ಬಾಯಲ್ಲಿ ಕಾಣೋ ಮಂಜು ಮಾತ್ರ ಸಾಕ್ಷಿ ಅಲ್ಲ, ಹೊರಗಿನ ತೇವವೂ ಹಾಗೆ ಕಾಣ್ತದೆ.

ಬಿಚ್ಚೋ ಮುಂಚೆ ಇದನ್ನ ಓದಿ

200 ಬಾರ್ ಅಂದ್ರೆ ಒಂದು ಚದರ ಸೆಂಟಿಮೀಟರಿಗೆ 200 ಕೆ.ಜಿ. ಭಾರ. ಎರಡೂವರೆ ಸೆಂಟಿಮೀಟರ್ ಅಗಲದ ಒಂದು ಮುಚ್ಚಳದ ಹಿಂದೆ ಇರೋದು ಹತ್ತಿರ ಹತ್ತಿರ ಒಂದು ಟನ್. ಅದು ಕೈಯಲ್ಲಿ ಬಿಚ್ಚಿಕೊಂಡ್ರೆ ಏನಾಗ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ರೆಗ್ಯುಲೇಟರ್ ಇರೋ ರೈಫಲ್‌ನಲ್ಲಿ ಗಾಳಿ ಎರಡು ಕಡೆ ಇರ್ತದೆ ಅನ್ನೋದನ್ನ ಬಹಳ ಜನ ಮರೀತಾರೆ. ಬಾಟಲ್ ಬಿಚ್ಚಿ ಪಕ್ಕಕ್ಕಿಟ್ರೂ ಪ್ಲೀನಂನಲ್ಲಿ 100 ಬಾರ್ ಮೇಲೆ ಉಳಿದಿರಬಹುದು. ಸಿಲಿಂಡರ್ ಖಾಲಿ ಮಾಡೋ ಸ್ಕ್ರೂ ಇದ್ರೆ ಕಂಪನಿ ಪುಸ್ತಕದಲ್ಲಿ ಹೇಳಿದ ಹಾಗೆ ಮೆಲ್ಲಗೆ ಖಾಲಿ ಮಾಡಿ. ಆಮೇಲೆ ಪೆಲೆಟ್ ಇಲ್ಲದೆ, ಮಣ್ಣಿನ ದಿಬ್ಬದ ಕಡೆ ತಿರುಗಿಸಿ, ಗಾಳಿ ಶಬ್ದ ಪೂರ್ತಿ ನಿಲ್ಲೋವರೆಗೂ ಹೊಡೀರಿ. ಗೇಜ್ ಸೊನ್ನೆ ತೋರಿಸಿದ್ರೆ ನಂಬಬೇಡಿ, ಮುಳ್ಳು ಸಿಕ್ಕಿಹಾಕಿಕೊಂಡಿರಬಹುದು. ಸಾಮಾನ್ಯವಾಗಿ ಕೈಯಲ್ಲಿ ತಿರುಗೋ ಭಾಗ ಬಿಗಿ ಅನ್ನಿಸಿದ್ರೆ ಒಳಗೆ ಒತ್ತಡ ಇದೆ. ಪೈಪ್ ರೆಂಚ್ ತರೋಕೆ ಹೋಗಬೇಡಿ, ಅಲ್ಲಿಗೇ ನಿಲ್ಲಿಸಿ.

ನನ್ನ ಅಭಿಪ್ರಾಯ ಕೇಳಿದ್ರೆ, ತುಂಬೋ ಬಾಯಿ ಸ್ವಚ್ಛ ಮಾಡೋದು, ಅಲ್ಲಿನ ಸಣ್ಣ ಫಿಲ್ಟರ್ ಬದಲಿಸೋದು, ಬಾಟಲ್ ಬೇರೆ ಮಾಡೋಕೆ ಬರೋ ರೈಫಲ್ ಆದ್ರೆ ಬಾಟಲ್ ಖಾಲಿ ಮಾಡಿ ಒಣಗಿಸೋದು ಇಷ್ಟು ಮನೆ ಕೆಲಸ. ಸೀಟ್, ವಾಷರ್, ವಾಲ್ವ್ ತಿಳಿದವರ ಕೈಗೆ ಕೊಡಿ. ಈಗಾಗಲೇ ಮಾಡಿ ಅಭ್ಯಾಸ ಇರೋರು ವಾಷರ್ ತೆಗೆಯೋ ಮೊದಲು ಪ್ರತಿಯೊಂದರ ದಿಕ್ಕು ಕಾಣೋ ಹಾಗೆ ಫೋನಿನಲ್ಲಿ ಫೋಟೋ ತಗೊಳ್ಳಿ. ಒಂದು ವಾಷರ್ ಮಗುಚಿ ಕೂತ್ರೂ ಒತ್ತಡದ ಲೆಕ್ಕ ಬದಲಾಗ್ತದೆ. ಓ-ರಿಂಗ್ ಕಂಪನಿ ಕಿಟ್‌ನದ್ದೇ ಇರಲಿ. ಹೈಡ್ರಾಲಿಕ್ ಅಂಗಡಿಯಲ್ಲಿ ಸಿಗೋದು ಕಣ್ಣಿಗೆ ಒಂದೇ ಥರ ಕಂಡ್ರೂ ಗಡಸುತನ ಬೇರೆ ಇರ್ತದೆ.

ಸವರೋದು ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಬೆರಳಿಗೆ ಹೊಳಪು ಬರೋವಷ್ಟು ತೆಳ್ಳಗೆ. ಎಂಜಿನ್ ಆಯಿಲ್, ತೆಂಗಿನೆಣ್ಣೆ, ತುಕ್ಕು ಬಿಡಿಸೋ ಸ್ಪ್ರೇ ಒಳಗೆ ಹೋಗಲೇಬಾರದು. ಹೆಚ್ಚು ಒತ್ತಡದ ಗಾಳಿ ನುಗ್ಗಿದಾಗ ಬಿಸಿಯಾಗ್ತದೆ, ಆ ಬಿಸಿಗೆ ಎಣ್ಣೆ ಹತ್ತಿಕೊಳ್ಳಬಹುದು. ಡೀಸೆಲ್ ಎಂಜಿನ್ ನಡೆಯೋದೇ ಆ ಸೂತ್ರದ ಮೇಲೆ. ಹಾಗೇ, ವೆಲ್ಡಿಂಗ್ ಅಂಗಡಿ ಆಕ್ಸಿಜನ್ ಸಿಲಿಂಡರಿಂದ ರೈಫಲ್ ತುಂಬಿಸೋ ಯೋಚನೆ ಯಾರಿಗಾದ್ರೂ ಬಂದ್ರೆ ದಯವಿಟ್ಟು ತಡೀರಿ. ಆಕ್ಸಿಜನ್ ಜೊತೆ ಒಂದು ಚುಕ್ಕೆ ಗ್ರೀಸ್ ಸಿಕ್ರೂ ರೈಫಲ್ ಬಾಂಬ್ ಆಗ್ತದೆ.

ರೆಗ್ಯುಲೇಟರ್ ಬಿಚ್ಚಿದಾಗ ‘ಸ್ವಲ್ಪ ಜಾಸ್ತಿ ಮಾಡಿಬಿಡೋಣ’ ಅನ್ನೋ ಆಸೆ ಬರ್ತದೆ. 2016ರ ಶಸ್ತ್ರ ನಿಯಮಗಳ ಪ್ರಕಾರ 20 ಜೂಲ್ ದಾಟಿದ, ಅಥವಾ 4.5 ಮಿ.ಮೀ.ಗಿಂತ ದೊಡ್ಡ ಬೋರಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಕು. 0.54 ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 272 ಮೀಟರ್ ವೇಗ ಮುಟ್ಟಿದ್ರೆ 20 ಜೂಲ್ ಆಯ್ತು. ಸ್ಕ್ರೂವಿನ ಸ್ವಲ್ಪ ತಿರುವು ನಿಮ್ಮನ್ನು ಆ ಗೆರೆ ದಾಟಿಸಬಹುದು. ಗದ್ದೆಗೆ ಬರೋ ನವಿಲು, ಹಂದಿಗೆ ಇದನ್ನ ತಿರುಗಿಸೋ ಮಾತಂತೂ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ಒಣ ಗಾಳಿ ಹೇಗೆ ತುಂಬೋದು

ಕೈಪಂಪಿನಲ್ಲಿ ಆತುರವೇ ಶತ್ರು. ಬಿಸಿ ಗಾಳಿ ನೀರನ್ನು ಆವಿಯಾಗೇ ಹೊತ್ತುಕೊಂಡು ಫಿಲ್ಟರ್ ದಾಟಿ ಹೋಗ್ತದೆ, ರೈಫಲ್ ಒಳಗೆ ತಣಿದ ಮೇಲೆ ನೀರಾಗ್ತದೆ. ಪಂಪ್ ತಣ್ಣಗಿದ್ರೆ ನೀರು ಪಂಪಿನಲ್ಲೇ ಉಳೀತದೆ. ಆದ್ದರಿಂದ 40–50 ಸಲ ಒತ್ತಿ, ಬ್ಲೀಡ್ ಸ್ಕ್ರೂ ತೆರೆದು ಪೈಪಿನ ಗಾಳಿ ಬಿಟ್ಟು, ಪಂಪ್ ಮುಟ್ಟಿದ್ರೆ ತಣ್ಣಗೆ ಅನ್ನಿಸೋವರೆಗೆ ಬಿಡಿ. ಕಾಫಿ ಕುಡಿದು ಬನ್ನಿ. ಕಾರಿನ ಬ್ಯಾಟರಿಗೆ ಹಾಕೋ ಚಿಕ್ಕ 12 ವೋಲ್ಟ್ ಕಂಪ್ರೆಸರ್ ಇನ್ನೂ ಬೇಗ ಬಿಸಿಯಾಗ್ತದೆ, ಅದಕ್ಕೂ ಇದೇ ಮಾತು. ಮಳೆ ಸುರೀತಿರೋವಾಗ ತುಂಬೋ ಬದಲು ಬಿಸಿಲು ಬಂದ ದಿನಕ್ಕೆ ಕಾಯಿರಿ. ಅಡುಗೆ ಮನೆ, ಬಚ್ಚಲ ಒಲೆ ಹತ್ತಿರ ಅಂತೂ ಬೇಡ.

ಪಂಪ್ ಮತ್ತು ರೈಫಲ್ ನಡುವೆ ಹೆಚ್ಚು ಒತ್ತಡ ತಡೆಯೋ ಫಿಲ್ಟರ್ ಹಾಕಿ. ಒಳಗೆ ಹತ್ತಿ ಮಾತ್ರ ಇರೋದು ಹನಿ ಹಿಡೀತದೆ, ಆವಿ ಹಿಡಿಯಲ್ಲ. ಸಿಲಿಕಾ ಜೆಲ್ ಅಥವಾ ಮಾಲಿಕ್ಯುಲಾರ್ ಸೀವ್ ಹರಳು ಇರೋದು ತಗೊಳ್ಳಿ. ಸಿಲಿಕಾ ಜೆಲ್ ನೀರು ಕುಡಿದಾಗ ಬಣ್ಣ ಬದಲಿಸ್ತದೆ, ನೀಲಿ ಇದ್ದದ್ದು ಗುಲಾಬಿ, ಕಿತ್ತಳೆ ಇದ್ದದ್ದು ಹಸಿರು. 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದ್ರೆ ಮತ್ತೆ ಬಳಸಬಹುದು. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಅನ್ನೋ ವಿಷ ಇರ್ತದೆ, ಅಡುಗೆ ಪಾತ್ರೆ, ಅಡುಗೆ ಓವನ್ ಮುಟ್ಟಿಸಬೇಡಿ. ನಾನಾದ್ರೆ ಕಿತ್ತಳೆಯದ್ದೇ ತಗೋತೀನಿ. ಸೀವ್ ಹರಳು ಒಣಗಿಸೋಕೆ ಇನ್ನೂ ಜಾಸ್ತಿ ಬಿಸಿ ಬೇಕು, ಹಳೇದನ್ನ ಎಸೆದು ಹೊಸದು ಹಾಕೋದೇ ಸುಲಭ.

ಇದೆಲ್ಲಕ್ಕಿಂತ ಒಳ್ಳೇದು ಸ್ಕೂಬಾ ಡೈವಿಂಗ್ ಅಥವಾ ಶೂಟಿಂಗ್ ರೇಂಜಿನವರ ದೊಡ್ಡ ಕಂಪ್ರೆಸರ್ ಗಾಳಿ. ಅದನ್ನ ಮೊದಲೇ ಒಣಗಿಸಿರ್ತಾರೆ. ಊರಿನ ನಾಲ್ಕೈದು ಜನ ಸೇರಿ ಪರೀಕ್ಷೆ ದಿನಾಂಕ ಮುಗಿಯದ ಒಂದು ಸಿಲಿಂಡರ್ ಇಟ್ಕೊಂಡ್ರೆ ಕೈಪಂಪಿನ ಸಹವಾಸವೇ ಬೇಡ. ತುಂಬುವಾಗ ವಾಲ್ವ್ ಒಂದೇ ಸಲ ತೆರೀಬೇಡಿ. ಮುಳ್ಳು ಮೆಲ್ಲಗೆ ಏರಬೇಕು, ಗಾಳಿ ನುಗ್ಗಿ ಹೊಡೆದ್ರೆ ರೆಗ್ಯುಲೇಟರ್ ಸೀಟಿಗೆ ಪೆಟ್ಟು.

ಮಳೆಗಾಲಕ್ಕೆ ಮೂಲೆಯಲ್ಲಿ ಇಡುವಾಗ ಸಿಲಿಂಡರ್ ಪೂರ್ತಿ ಖಾಲಿ ಮಾಡಬೇಡಿ. ಕಂಪನಿ ಹೇಳಿದಷ್ಟು ಒಣ ಗಾಳಿ ಒಳಗಿದ್ರೆ ಓ-ರಿಂಗ್ ಜಾಗದಲ್ಲೇ ಕೂರ್ತದೆ, ಹೊರಗಿನ ತೇವ ಒಳಗೆ ಬರಲ್ಲ. ಪೆಲೆಟ್ ತೆಗೆದು, ಬೀಗ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಸಿಲಿಂಡರಿನ ಮೇಲೆ ಕೊರೆದ ತಾರೀಖನ್ನ ಈಗಲೇ ಹೋಗಿ ಓದಿ. ಸ್ಪರ್ಧೆಯ ರೈಫಲ್‌ಗಳ ಸಿಲಿಂಡರಿಗೆ ಕಂಪನಿಗಳು ಸಾಮಾನ್ಯವಾಗಿ 10 ವರ್ಷ ಆಯಸ್ಸು ಕೊಡ್ತವೆ, ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಲ್ಲೂ ಆ ಅವಧಿ ನೋಡ್ಕೊಳ್ಳೋ ಹೊಣೆ ಶೂಟರ್‌ದ್ದೇ. ಸೆಕೆಂಡ್ ಹ್ಯಾಂಡ್ ತಗೊಂಡವರು ಬೆಲೆ ಮಾತಾಡೋ ಮೊದಲು ನೋಡಬೇಕಾದ್ದು ಆ ತಾರೀಖು, ಆಮೇಲೆ ತುಂಬೋ ಬಾಯಿಯ ಬಣ್ಣ.